ಅಗಲ ಪರದೆಯ ಮೊದಲ ಲೆನ್ಸುಗಳ ಮುಂದೆ ನಟನೆ

1953ರಲ್ಲಿ ಬಂದ ಸಿನಿಮಾಸ್ಕೋಪ್ ಎಂಬ ಅಗಲ ಪರದೆಯ ವಿಧಾನದಲ್ಲಿ ಚಿತ್ರದ ಅಗಲ, ಎತ್ತರದ 2.55 ಪಟ್ಟು. ಆ ಕಾಲದ ಅನಾಮಾರ್ಫಿಕ್ ಲೆನ್ಸಿನ ಮುಂದೆ ನಿಲ್ಲುವವರು ಸಂಭಾಷಣೆ ಬಾಯಿಪಾಠ ಮಾಡುವುದಕ್ಕೂ ಮೊದಲು ಛಾಯಾಗ್ರಾಹಕರನ್ನು ಕೇಳಬೇಕಾದ ಪ್ರಶ್ನೆ ಒಂದಿದೆ: ಕ್ಯಾಮೆರಾ ಮುಖಕ್ಕೆ ಎಷ್ಟು ಹತ್ತಿರ ಬರುತ್ತದೆ?

ಈ ಲೆನ್ಸು ಚಿತ್ರದ ಅಗಲವನ್ನು ಅರ್ಧಕ್ಕೆ ಹಿಂಡುತ್ತದೆ, ಪ್ರೊಜೆಕ್ಟರ್ ಅದನ್ನು ಎರಡು ಪಟ್ಟು ಹಿಗ್ಗಿಸುತ್ತದೆ. ನಟ ಹತ್ತಿರವಾದಷ್ಟೂ ಹಿಂಡುವಿಕೆ ತಗ್ಗುತ್ತದೆ, ಹಿಗ್ಗಿಸುವುದು ಮಾತ್ರ ಅಷ್ಟೇ ಇರುತ್ತದೆ. ಹಾಗಾಗಿ ಪರದೆಯಲ್ಲಿ ಕೆನ್ನೆ ಊದಿಕೊಳ್ಳುತ್ತದೆ. ಹಾಲಿವುಡ್ಡಿನವರು ಇದನ್ನು ಮಂಗನಬಾವು ಎಂದೇ ಕರೆದರು. ಆದ್ದರಿಂದ ಸೊಂಟದಿಂದ ಮೇಲಿನ ಶಾಟೇ ನಿಮ್ಮ ಕ್ಲೋಸಪ್ ಎಂದುಕೊಳ್ಳಿ. ಹಾಗೆಂದು ಹಾವಭಾವ ದೊಡ್ಡದು ಮಾಡಬೇಡಿ, ಪರದೆಯೇ ಸಾಕಷ್ಟು ದೊಡ್ಡದಿದೆ. ಭಾವವನ್ನು ಭುಜದಲ್ಲಿ, ಕೈಯಲ್ಲಿ, ಎದುರಿನವರಿಂದ ನೀವು ಉಳಿಸಿಕೊಳ್ಳುವ ಅಂತರದಲ್ಲಿ ತೋರಿಸಿ. ಒಂದು ಹೆಜ್ಜೆ ಹಿಂದೆ ಸರಿದರೂ ಇಲ್ಲಿ ಅದು ಮಾತಿನಷ್ಟೇ ಸ್ಪಷ್ಟ.

ಕ್ಯಾಮೆರಾದತ್ತ ನಡೆದು ಬರುವುದು ಕಷ್ಟದ ಕೆಲಸ. ಮೊದಲ ಲೆನ್ಸು ಸೆಟ್ಟುಗಳಲ್ಲಿ ಮುಖ್ಯ ಲೆನ್ಸು ಮತ್ತು ಅದರ ಮುಂದಿನ ಅನಾಮಾರ್ಫಿಕ್ ಭಾಗ, ಎರಡನ್ನೂ ಬೇರೆಬೇರೆಯಾಗಿ ಫೋಕಸ್ ಮಾಡಬೇಕಿತ್ತು. ನೆಲದ ಮೇಲಿನ ಗುರುತನ್ನು ದಾಟಿದರೆ ನೀವು ಮಸುಕಾಗುತ್ತೀರಿ. ರಿಹರ್ಸಲ್‌ನಲ್ಲಿ ಹೆಜ್ಜೆ ಎಣಿಸಿಕೊಳ್ಳಿ, ಟೇಕ್‌ನಲ್ಲಿ ನೆಲ ನೋಡದೆ ಅಲ್ಲೇ ನಿಲ್ಲಿ. ಕುರ್ಚಿಯಿಂದ ಏಳುವಾಗ ನಿಧಾನವಿರಲಿ. ಫ್ರೇಮಿಗೆ ಅಗಲವಿದೆ, ಎತ್ತರವಿಲ್ಲ. ಕ್ಯಾಮೆರಾ ಜೊತೆಗೇ ಮೇಲೇಳದಿದ್ದರೆ ತಲೆ ಕತ್ತರಿಸಿ ಹೋಗುತ್ತದೆ.

ಮಾತಿಲ್ಲದವರಿಗೂ ಬಿಡುವಿಲ್ಲ. ಶಾಟಿನಿಂದ ಶಾಟಿಗೆ ಕತ್ತರಿಸುವುದು ಕಡಿಮೆ, ಟೇಕ್ ಉದ್ದ, ಅಂಚಿನಲ್ಲಿ ನಿಂತವರೂ ಪೂರ್ತಿ ಹೊತ್ತು ಕಾಣುತ್ತಾರೆ. ಕೇಳಿಸಿಕೊಳ್ಳುವುದನ್ನು ನಿಜವಾಗಿಯೇ ಮಾಡಿ. ಆದರೆ ಬೇರೆಯವರ ಮುಖ್ಯ ಮಾತಿನ ನಡುವೆ ಕೈಯಾಡಿಸಿದರೆ ನೋಡುಗರ ಕಣ್ಣು ನಿಮ್ಮತ್ತ ಹೊರಳುತ್ತದೆ, ದೃಶ್ಯ ಕೆಡುತ್ತದೆ.

1952ರ ಇನ್ನೊಂದು ಅಗಲ ಪರದೆಯ ವಿಧಾನವಾದ ಸಿನೆರಾಮಾದ್ದು ಇನ್ನೂ ಬಿಗಿಯಾದ ಶಿಸ್ತು. ಮೂರು 27 ಮಿ.ಮೀ. ಲೆನ್ಸುಗಳು ಸುಮಾರು 146 ಡಿಗ್ರಿ ನೋಟವನ್ನು ಮೂರು ಫಿಲ್ಮುಗಳಲ್ಲಿ ಹಿಡಿಯುತ್ತವೆ. ಎರಡು ಚಿತ್ರಗಳು ಕೂಡುವ ಗೆರೆಯ ಮೇಲೆ ನಿಲ್ಲಬೇಡಿ, ಅದನ್ನು ದಾಟುವಾಗ ತಡವರಿಸಬೇಡಿ. ಬೇರೆ ಬೇರೆ ಭಾಗಗಳಲ್ಲಿ ನಿಂತ ಇಬ್ಬರು ನೇರವಾಗಿ ಕಣ್ಣಿಗೆ ಕಣ್ಣಿಟ್ಟು ನೋಡಿದರೆ, ಪರದೆಯಲ್ಲಿ ಇಬ್ಬರೂ ಎತ್ತಲೋ ನೋಡಿದಂತೆ ಕಾಣುತ್ತದೆ. ಪರೀಕ್ಷಾ ಶಾಟ್ ನೋಡಿ ಛಾಯಾಗ್ರಾಹಕರು ಗೊತ್ತುಮಾಡಿದ ಬಿಂದುವಿನಲ್ಲೇ ದೃಷ್ಟಿ ನೆಟ್ಟು, ಅಲ್ಲಿ ಯಾರೂ ಇಲ್ಲದಿದ್ದರೂ ಅಲ್ಲಿಗೇ ಮಾತಾಡಿ.