ಡ್ರೈವರ್‌ಗೆ ಪ್ರಜ್ಞೆ ತಪ್ಪಿತ್ತು ಅಂದಾಗ ನಾನು ಕೇಸ್ ನಡೆಸಿದ ರೀತಿ

ಬೆಂಗಳೂರಲ್ಲಿ ಗಾಯಾಳುಗಳ ಕಡೆಯಿಂದ ಎಂವಿಸಿ ಕೇಸ್, ಅಂದ್ರೆ ವಾಹನ ಅಪಘಾತದ ಪರಿಹಾರದ ಕೇಸ್ ನಡೆಸೋ ಲಾಯರ್ ನಾನು. ಕಾಮಾಕ್ಷಿಪಾಳ್ಯದ ಹತ್ರ ಮಾಗಡಿ ರೋಡ್ ಫುಟ್‌ಪಾತಲ್ಲಿ ಹೂ ಕಟ್ತಾ ಕೂತಿದ್ದ ಒಬ್ಬ ಅಮ್ಮನ ಮೇಲೆ ಕಾರ್ ಹತ್ತಿ ಬಲಗಾಲು ಮುರಿದು, ಒಳಗೆ ರಾಡ್ ಹಾಕಿದ್ರು. ಮೋಟಾರು ವಾಹನ ಕಾಯ್ದೆ ಸೆಕ್ಷನ್ 166ರಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿದ್ವಿ. ಇನ್ಶೂರೆನ್ಸ್‌ನವರು ಬರೆದುಕೊಟ್ಟಿದ್ದು ಏನಂದ್ರೆ, ಡ್ರೈವರ್‌ಗೆ ಶುಗರ್ ಲೋ ಆಗಿ ಪ್ರಜ್ಞೆ ತಪ್ಪಿತ್ತು, ಇದು ಆಕ್ಟ್ ಆಫ್ ಗಾಡ್, ಅಂದ್ರೆ ಯಾರ ಕೈಲೂ ಇಲ್ಲದ್ದು, ನಿರ್ಲಕ್ಷ್ಯವೇ ಇಲ್ಲ ಅಂದ್ಮೇಲೆ ನಾವ್ಯಾಕೆ ಕೊಡ್ಬೇಕು ಅಂತ. 166ರಲ್ಲಿ ನಿರ್ಲಕ್ಷ್ಯ ಪ್ರೂವ್ ಆಗ್ಲೇಬೇಕು, ಹಾಗಾಗಿ ಆ ಮಾತು ನಿಂತ್ರೆ ಅಮ್ಮನಿಗೆ ದೊಡ್ಡ ಏಟು. 164ರಲ್ಲಿ ತಪ್ಪು ಯಾರದು ಅಂತ ಕೇಳದೆ ಗಂಭೀರ ಗಾಯಕ್ಕೆ 2.5 ಲಕ್ಷ ಕೊಡ್ತಾರೆ, ಅದು ಆಸ್ಪತ್ರೆ ಬಿಲ್ಲಿಗೇ ಸಾಲ್ತಿರಲಿಲ್ಲ.

"ಪಾಪ, ಅವನಿಗೂ ಮೈ ಸರಿ ಇರಲಿಲ್ವಂತಲ್ಲಪ್ಪಾ" ಅಂದಿತ್ತು ಅಮ್ಮ.

ಪ್ರಜ್ಞೆ ತಪ್ಪಿದ್ದು ಸುಳ್ಳು ಅಂತ ನಾನು ವಾದ ಮಾಡೋಕೆ ಹೋಗ್ಲೇ ಇಲ್ಲ. ಹೀಗಾಗಬಹುದು ಅಂತ ಅವನಿಗೆ ಮೊದಲೇ ಗೊತ್ತಿತ್ತಾ, ನನಗೆ ಬೇಕಿದ್ದದ್ದು ಅಷ್ಟೇ. ಅವನ ಮೈ ವಿಷಯ ಅವನಿಗೇ ಗೊತ್ತಿರೋದು, ಆಗಿನ ಎವಿಡೆನ್ಸ್ ಆಕ್ಟ್ 106ರ (2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 109) ಪ್ರಕಾರ ಅದನ್ನ ತೋರಿಸೋ ಹೊರೆನೂ ಅವನದೇ. ಆಸ್ಪತ್ರೆ ದಾಖಲೆ ತರಿಸೋಕೆ ಅರ್ಜಿ ಹಾಕ್ದೆ, ಅವತ್ತಿನ ಕ್ಯಾಶುಯಾಲ್ಟಿ ಶೀಟ್ ಒಂದೇ ಅಲ್ಲ, ಹಳೇ ಒಪಿಡಿ ಫೈಲ್ ಕೂಡ. ಶೀಟಲ್ಲಿ ಶುಗರ್ 46 ಇತ್ತು, 70ಕ್ಕಿಂತ ಕೆಳಗೆ ಬಂದ್ರೇ ಲೋ ಅಂತಾರೆ, ಅಂದ್ರೆ ಅವರು ಹೇಳಿದ್ದು ನಿಜ. ಆದ್ರೆ ಮೂರು ತಿಂಗಳ ಹಿಂದಿನ ಚೀಟಿಯಲ್ಲಿ ಡಾಕ್ಟರು ಬೆಳಿಗ್ಗೆ ಹೊತ್ತು ಬೆವರು, ಕೈ ನಡುಕ, ಎರಡು ಸಲ ಆಗಿದೆ, ಇನ್ಸುಲಿನ್ ತಗೊಂಡು ಊಟ ಬಿಡಬಾರದು ಅಂತ ಬರೆದಿದ್ರು.

ಕೋರ್ಟಲ್ಲಿ ಡ್ರೈವರ್‌ನ ಕ್ರಾಸ್ ಎಕ್ಸಾಮಿನೇಷನ್ ಮಾಡ್ವಾಗ ದನಿ ಏರಿಸದೆ ಕೇಳ್ತಾ ಹೋದೆ. ಇನ್ಸುಲಿನ್ ಎಷ್ಟೊತ್ತಿಗೆ? ಏಳೂವರೆಗೆ. ತಿಂಡಿ? ಆಫೀಸಲ್ಲಿ ತಿನ್ನೋಣ ಅಂತಿದ್ದೆ. ಮೈ ಬೆವರೋಕೆ ಶುರುವಾಗಿದ್ದು ಎಲ್ಲಿ? ಸುಮನಹಳ್ಳಿ ಹತ್ರ. ಅಲ್ಲಿಂದ ಕಾಮಾಕ್ಷಿಪಾಳ್ಯದವರೆಗೆ ಕಾರ್ ಪಕ್ಕಕ್ಕೆ ಹಾಕೋಕೆ ಎಲ್ಲೂ ಜಾಗ ಇರಲಿಲ್ವಾ? ಉತ್ತರ ಬರಲಿಲ್ಲ, ಟ್ರಿಬ್ಯೂನಲ್ ಜಡ್ಜ್ ಸಾಹೇಬ್ರು ಅದನ್ನೂ ಹಾಗೇ ಬರೆಸಿದ್ರು.

ಒಂದು ಮಾತು, ಹಿಂದೆ ಯಾವ ಲಕ್ಷಣವೂ ಇಲ್ಲದೆ ಮೊದಲನೇ ಸಲ ಹಾರ್ಟ್ ಅಟ್ಯಾಕ್ ಆಗಿದ್ರೆ ಈ ದಾರಿ ನಡೆಯಲ್ಲ, ಅಂಥ ಕೇಸಲ್ಲಿ ನಾನು 164 ಹಿಡೀತೀನಿ.

ಇಲ್ಲಿ ನಿರ್ಲಕ್ಷ್ಯ ಇದೆ ಅಂತಾನೇ ತೀರ್ಪು ಬಂತು. ಡ್ರೈವರ್ ತಪ್ಪು ಮಾಡಿದ್ದು ಪ್ರಜ್ಞೆ ತಪ್ಪಿದಾಗ ಅಲ್ಲ, ಖಾಲಿ ಹೊಟ್ಟೇಲಿ ಕೀ ತಿರುಗಿಸಿದಾಗ ಅಂತ ಟ್ರಿಬ್ಯೂನಲ್ ಒಪ್ಕೊಳ್ತು, ಇನ್ಶೂರೆನ್ಸ್‌ನವರೇ ಪರಿಹಾರ ಕಟ್ಟಿದ್ರು.