ಕಲಬುರಗಿಯ ಬೇಸಿಗೆಯಲ್ಲಿ ಇಲಿಯ ಕಾಂಡಕೋಶದ ತೂಗುಹನಿ ಒಣಗದಂತೆ ಇಡುವ ಬಗೆ

ಇಲಿಯ ಭ್ರೂಣಕ್ಕೆ ಮೂರೂವರೆ ದಿನವಾದಾಗ ಟೊಳ್ಳು ಚೆಂಡಿನಂಥ ಬ್ಲಾಸ್ಟೋಸಿಸ್ಟ್‌ನ ಒಳಗಿರುವ ಪುಟ್ಟ ಕೋಶಗುಂಪಿಗೆ ದೇಹದ ಯಾವ ಅಂಗಾಂಶವಾದರೂ ಆಗುವ ಶಕ್ತಿ ಇರುತ್ತದೆ. 1981ರಲ್ಲಿ ಮಾರ್ಟಿನ್ ಎವನ್ಸ್ ಮತ್ತು ಮ್ಯಾಥ್ಯೂ ಕೌಫ್‌ಮನ್ ಜೋಡಿ, ಬೇರೆ ಕಡೆ ಗೇಲ್ ಮಾರ್ಟಿನ್, ಭ್ರೂಣದ ಕಾಂಡಕೋಶಗಳೆಂಬ ಇವನ್ನು ತಟ್ಟೆಯಲ್ಲಿ ಬೆಳೆಸಿ ತೋರಿಸಿದರು. ಲಿಫ್ ಎಂಬ ಪ್ರೋಟೀನ್ ಇರುವವರೆಗೆ ಕೋಶಗಳು ಹಾಗೆಯೇ ಉಳಿಯುತ್ತವೆ. ಲಿಫ್ ತೆಗೆದು ಹನಿಯಲ್ಲಿ ತೂಗಬಿಟ್ಟರೆ ಹನಿಯ ತುದಿಗೆ ಇಳಿದು, ಉಂಡೆ ಕಟ್ಟಿ, ಭ್ರೂಣದ ಮೂರೂ ಪದರಗಳ ಕೋಶಗಳಾಗತೊಡಗುತ್ತವೆ.

ಕೆಲಸಕ್ಕೆ ಮೊದಲು ಕೋಣೆಯ ಬಿಸಿ ನೋಡಿ. ಸಾಮಾನ್ಯ ಇನ್‌ಕ್ಯುಬೇಟರ್ ಬಿಸಿ ಮಾಡುತ್ತದೆ, ತಣ್ಣಗೆ ಮಾಡುವುದಿಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಇದ್ದು ಎಸಿ ನಿಂತರೆ, ಒಳಗಿನ 37 ಡಿಗ್ರಿ ಮೇಲೇರುತ್ತದೆ. ಕೋಣೆ 30 ದಾಟದಿರಲಿ. ಇನ್‌ಕ್ಯುಬೇಟರನ್ನು ಯುಪಿಎಸ್‌ಗೆ ಜೋಡಿಸಿ, ಕರೆಂಟ್ ಹೋದಾಗ ಬಾಗಿಲು ತೆಗೆಯಬೇಡಿ. ತೆಗೆದರೆ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ನೇರಳೆಗೆ ತಿರುಗುತ್ತದೆ. ತಳದ ನೀರಿನ ತಟ್ಟೆಗೆ ಶುದ್ಧೀಕರಿಸಿದ ಡಿಸ್ಟಿಲ್ಡ್ ನೀರೇ ಬೇಕು. ನಮ್ಮ ಬೋರ್‌ವೆಲ್ ನೀರು ಬಿಳಿ ಪದರ ಕಟ್ಟಿ ಕೆಡಿಸುತ್ತದೆ.

ಗುಮ್ಮಟದಂತೆ ಉಬ್ಬಿ, ಅಂಚು ಹೊಳೆಯುವ ಕೋಶದ ಕಾಲನಿಗಳನ್ನಷ್ಟೇ ಬಳಸಿ. ಚಪ್ಪಟೆಯಾದವು ಆಗಲೇ ದಾರಿ ಬದಲಿಸಿವೆ. ಪಿಬಿಎಸ್ ಎಂಬ ಉಪ್ಪುದ್ರಾವಣದಲ್ಲಿ ಎರಡು ಸಲ ತೊಳೆದು, ಕೋಶಗಳ ಅಂಟು ಬಿಡಿಸುವ 0.05 ಶೇಕಡಾ ಟ್ರಿಪ್ಸಿನ್‌ನಲ್ಲಿ 37 ಡಿಗ್ರಿಗೆ 3ರಿಂದ 5 ನಿಮಿಷ ಇಟ್ಟು, ಬಿಡಿಬಿಡಿಯಾಗಿಸಿ. ಕಾಂಡಕೋಶಗಳನ್ನು ಪೋಷಿಸಲು ಕೆಳಗೆ ಹಾಸಿದ ಫೀಡರ್ ಕೋಶಗಳಿದ್ದರೆ ಜೆಲಟಿನ್ ತಟ್ಟೆಯಲ್ಲಿ ಅರ್ಧ ಗಂಟೆ ಇಡಿ. ಅವು ಬೇಗ ಅಂಟುತ್ತವೆ, ಕಾಂಡಕೋಶ ಉಳಿದಿರುವ ಮೇಲಿನ ದ್ರವ ನಿಮ್ಮದು. ಲಿಫ್ ಇಲ್ಲದ ಮೀಡಿಯಂನಲ್ಲಿ (20 ಶೇಕಡಾ ಸೀರಂ ಸೇರಿಸಿದ್ದು) ಎಣಿಸಿ, ಮಿಲಿಲೀಟರ್‌ಗೆ 20,000 ಕೋಶಗಳಿಗೆ ತನ್ನಿ. ಆಗ 20 ಮೈಕ್ರೋಲೀಟರ್ ಹನಿಯಲ್ಲಿ 400 ಕೋಶ ಬೀಳುತ್ತವೆ. ಗುಂಪುಗಟ್ಟಿದ ಕೋಶ ಉಳಿದರೆ ಒಂದು ಉಂಡೆ ದಪ್ಪ, ಇನ್ನೊಂದು ಸಣ್ಣ, ಹೋಲಿಕೆಯೇ ಸಾಧ್ಯವಾಗದು.

ಇನ್ನು ಹನಿ. 10 ಸೆಂಟಿಮೀಟರ್ ತಟ್ಟೆಯ ಮುಚ್ಚಳದ ಒಳಮೈ ಮೇಲೆ ಸುಮಾರು 50 ಹನಿ ಕೂರಿಸಬಹುದು. ನಮ್ಮ ಒಣಹವೆಯಲ್ಲಿ 30ಕ್ಕೇ ನಿಲ್ಲಿಸಿ, ಬೇಗ ಮುಚ್ಚುವುದು ಲೇಸು. ಸೋಸಿದ ಗಾಳಿ ಬೀಸುವ ಲ್ಯಾಮಿನಾರ್ ಫ್ಲೋ ಮೇಜಿನ ಗಾಳಿಯೇ ಹನಿಯ ನೀರು ಎಳೆಯುತ್ತದೆ. ನೀರು ಹಾರಿದರೆ ಲವಣದ ಸಾಂದ್ರತೆ ಏರಿ ಕೋಶಗಳು ಮುದುಡಿ ಸಾಯುತ್ತವೆ. ಬಹಳ ಜನ ಇದನ್ನು ಸೀರಂನ ದೋಷವೆಂದು ಭಾವಿಸಿ ಬಾಟಲಿ ಬದಲಿಸುತ್ತಾರೆ. ತಟ್ಟೆಯ ತಳಕ್ಕೆ 10 ಮಿಲಿಲೀಟರ್ ಪಿಬಿಎಸ್ ಹಾಕಿಟ್ಟು, ಮುಚ್ಚಳವನ್ನು ತಡೆಯದೆ ಒಂದೇ ಬೀಸಿಗೆ ತಿರುವಿ ಮುಚ್ಚಿ. ಅರ್ಧದಲ್ಲಿ ಅಳುಕಿದರೆ ಹನಿಗಳು ಹರಿದು ಸೇರುತ್ತವೆ. ತಟ್ಟೆಗಳನ್ನು ಒದ್ದೆ ಟಿಶ್ಯೂ ಇಟ್ಟ ದೊಡ್ಡ ಡಬ್ಬಿಯಲ್ಲಿ, ಮುಚ್ಚಳ ಸ್ವಲ್ಪ ಸಡಿಲಿಸಿ, 5 ಶೇಕಡಾ ಇಂಗಾಲದ ಡೈಆಕ್ಸೈಡ್‌ನಲ್ಲಿಡಿ. ಎರಡು ದಿನ ಅಲುಗಿಸಬೇಡಿ.

2ನೇ ದಿನ ಮುಚ್ಚಳ ತಿರುವಿ, ಉಂಡೆಗಳನ್ನು ಮೀಡಿಯಂನಿಂದ ಮೆಲ್ಲಗೆ ತೊಳೆದು ಬ್ಯಾಕ್ಟೀರಿಯಾ ಬೆಳೆಸುವ ಸಾದಾ ಪ್ಲಾಸ್ಟಿಕ್ ತಟ್ಟೆಗೆ ಇಳಿಸಿ. ಕೋಶಕೃಷಿಯ ತಟ್ಟೆಯಾದರೆ ಅಂಟಿಕೊಳ್ಳುತ್ತವೆ. 5ನೇ ದಿನ 24 ಗುಂಡಿಯ ಜೆಲಟಿನ್ ತಟ್ಟೆಯಲ್ಲಿ ಗುಂಡಿಗೊಂದು ಉಂಡೆ ಕೂರಿಸಿ. ಎಲ್ಲ ಸರಿಯಾದರೆ 7–8ನೇ ದಿನದಿಂದ ಕೆಲವೆಡೆ ತನ್ನಿಂತಾನೇ ಮಿಡಿಯುವ ಹೃದಯಕೋಶಗಳು ಕಾಣುತ್ತವೆ.

ಮಿಡಿತ ಕಾಣದಿದ್ದರೆ ಆರ್‌ಎನ್‌ಎ ನೋಡಿ: ಕಾಂಡಕೋಶದ ಗುರುತಿನ ಜೀನ್ ಓಕ್ಟ್4 ಇಳಿಯಬೇಕು, ಭ್ರೂಣದ ನಡುಪದರದ ಗುರುತಿನ ಜೀನ್ ಬ್ರಾಕಿಯುರಿ 3–4ನೇ ದಿನ ಏರಬೇಕು. ಓಕ್ಟ್4 ಇಳಿಯದಿದ್ದರೆ ತೊಳೆಯುವಾಗ ಲಿಫ್ ಉಳಿದಿರುವ ಸಾಧ್ಯತೆ ಹೆಚ್ಚು. ಎರಡೂ ಸರಿಯಿದ್ದರೆ ಉಂಡೆಯ ಗಾತ್ರ, ಸೀರಂನ ಬ್ಯಾಚ್ ಪರೀಕ್ಷಿಸಿ. ಹಲವು ಸಲ ತಟ್ಟೆ ಬದಲಿಸಿ ಬೆಳೆಸಿದ (ಹಳೆಯ ಪ್ಯಾಸೇಜಿನ) ಕೋಶವಾದರೆ ವರ್ಣತಂತು ಎಣಿಸಿ. ಇಲಿಗೆ 40 ಇರಬೇಕು.