ಬಿಳಿ ಟೊಮೆಟೊ ಬೆಳೆಸುವವರಿಗೆ

ಬಿಳಿ ಟೊಮೆಟೊ ಬೆಳೆಸುವವರು ಮೊದಲು ಬಿಡಬೇಕಾದ ಅಭ್ಯಾಸವೆಂದರೆ ಬಣ್ಣ ನೋಡಿ ಹಣ್ಣು ಕೀಳುವುದು. ಟೊಮೆಟೊಗೆ ಕೆಂಪು ಕೊಡುವ ಲೈಕೋಪೀನ್ ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಾಯಿ ತಿಳಿಹಸಿರಿನಿಂದ ದಂತದ ಬಣ್ಣಕ್ಕೆ ಬಂದು ಅಲ್ಲಿಯೇ ನಿಲ್ಲುತ್ತದೆ. ಇನ್ನೂ ಹಣ್ಣಾಗಿಲ್ಲವೆಂದು ಕಾಯುತ್ತಾ ಕುಳಿತರೆ ಗಿಡದಲ್ಲಿಯೇ ಒಡೆಯುತ್ತದೆ. ಆತುರಪಟ್ಟು ಕಿತ್ತರೆ ಸಪ್ಪೆ. ತೊಟ್ಟಿನ ಎದುರಿನ ತುದಿಯನ್ನು ಬೆರಳಿನಿಂದ ಹಗುರವಾಗಿ ಒತ್ತಿ ನೋಡಿ. ತುಸು ಮೆತ್ತಗಾಗಿ, ಸಿಪ್ಪೆಯಲ್ಲಿ ಹಳದಿಯ ಛಾಯೆ ಸುಳಿದು, ಮೇಲಕ್ಕೆತ್ತಿದರೆ ತೊಟ್ಟಿನ ಗೆಣ್ಣಿನಲ್ಲಿ ಸಲೀಸಾಗಿ ಬಿಟ್ಟುಕೊಂಡರೆ ಅದು ತಿನ್ನುವ ಹಣ್ಣು. ಗ್ರೇಟ್ ವೈಟ್ ತಳಿಯಾದರೆ ಸಸಿ ನೆಟ್ಟು ಸುಮಾರು 80 ದಿನ ಕಳೆದ ಮೇಲೆ ದಿನವೂ ಮುಟ್ಟಿ ನೋಡುತ್ತಿರಿ.

ಬಿತ್ತನೆಯಲ್ಲಿ ವಿಶೇಷವೇನಿಲ್ಲ. ಬೀಜವನ್ನು ಅರ್ಧ ಸೆಂಟಿಮೀಟರ್ ಆಳದಲ್ಲಿ ಹಾಕಿ; ಮಣ್ಣು ಬೆಚ್ಚಗಿದ್ದರೆ ಐದರಿಂದ ಹತ್ತು ದಿನಗಳಲ್ಲಿ ಮೊಳಕೆ ಏಳುತ್ತದೆ. ಸಸಿಯನ್ನು ನಾಟಿ ಮಾಡುವಾಗ ಕೆಳಗಿನ ಎಲೆಗಳನ್ನು ತೆಗೆದು ಕಾಂಡದ ಅರ್ಧದಷ್ಟು ಮಣ್ಣಿನೊಳಗೆ ಇಳಿಸಿ. ಹೂತ ಕಾಂಡದಿಂದಲೂ ಬೇರು ಬರುತ್ತದೆ. ಗಿಡ ಆಳೆತ್ತರ ಮೀರಿ ಬೆಳೆಯುವುದರಿಂದ ಆಧಾರದ ಕೋಲನ್ನು ಅಂದೇ ನೆಟ್ಟುಬಿಡಿ. ಬೇರು ಹರಡಿದ ಮೇಲೆ ಕೋಲು ಚುಚ್ಚಿದರೆ ಗಿಡಕ್ಕೇ ಪೆಟ್ಟು.

ಇನ್ನು ಎಲೆ ಸವರುವ ವಿಷಯ. ಇದರಲ್ಲಿ ನನ್ನ ಮಾತನ್ನು ದಯವಿಟ್ಟು ಕೇಳಿ. ಗಿಡಕ್ಕೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು, ಆದರೆ ಹಣ್ಣಿಗೆ ನೆರಳು ಬೇಕು. ನೇರ ಬಿಸಿಲು ಬಿದ್ದ ಬಿಳಿ ಹಣ್ಣು ಹಳದಿಗೆ ತಿರುಗುತ್ತದೆ, ಬಿಸಿಲು ಬಿರುಸಾಗಿದ್ದರೆ ಸಿಪ್ಪೆ ಸುಟ್ಟು ಕಾಗದದಂತಾಗುತ್ತದೆ. ಗಾಳಿಯಾಡಲೆಂದು ಗಿಡವನ್ನು ಬೋಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನೆಲಕ್ಕೆ ತಾಗುವ ಎಲೆಗಳನ್ನೂ ಬುಡದ ಹತ್ತಿರ ಎಲೆಯೂ ಕಾಂಡವೂ ಸೇರುವ ಸಂದಿಯಲ್ಲಿ ಏಳುವ ಕಂಕುಳ ಚಿಗುರುಗಳನ್ನೂ ತೆಗೆದರೆ ಸಾಕು, ಗೊಂಚಲಿನ ಮೇಲಿನ ಎಲೆಗಳನ್ನು ಮುಟ್ಟಬೇಡಿ.

ನೀರು ಮಾತ್ರ ಹದ ತಪ್ಪಬಾರದು. ಒಣಗಿಸಿ ಒಮ್ಮೆಲೇ ಹೊಯ್ದರೆ ಹಣ್ಣು ಬಿರಿಯುತ್ತದೆ. ಕಾಯಿಯ ತುದಿ ಕಪ್ಪಾಗಿ ಕೊಳೆಯುವುದೂ ಹೆಚ್ಚಾಗಿ ಇದರಿಂದಲೇ: ಮಣ್ಣಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದು ನೀರಿನ ಜೊತೆಗೇ ಕಾಯಿಯನ್ನು ತಲುಪಬೇಕು. ಸುಣ್ಣ ಸುರಿಯುವ ಮೊದಲು ನೀರುಣಿಸುವ ಕ್ರಮ ಸರಿಪಡಿಸಿ, ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕಿ.

ರುಚಿಯಲ್ಲಿ ಹುಳಿ ಮೃದು, ಸಿಹಿ ಮುಂದು. ಹಸಿಯಾಗಿ ತಿನ್ನುವುದೇ ಚೆನ್ನ.

ಗ್ರೇಟ್ ವೈಟ್ ಪಾರಂಪರಿಕ ತಳಿಯಾದ್ದರಿಂದ ಅದರ ಬೀಜವನ್ನು ನೀವೇ ಉಳಿಸಿಕೊಳ್ಳಬಹುದು, ಉಳಿಸಿಕೊಳ್ಳಲೇಬೇಕು. ಆರೋಗ್ಯವಾದ ಗಿಡದ ಪೂರ್ಣ ಮಾಗಿದ ಹಣ್ಣಿನ ತಿರುಳನ್ನು ಬಟ್ಟಲಿನಲ್ಲಿ ಎರಡು ಮೂರು ದಿನ ಹುಳಿಯಲು ಬಿಡಿ. ಬೀಜದ ಸುತ್ತಲಿನ ಲೋಳೆ ಕಳಚಿದ ಮೇಲೆ ತೊಳೆದು ತಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಿ. ಕಾಗದದ ಮೇಲಾದರೆ ಅಂಟಿಕೊಳ್ಳುತ್ತದೆ. ಟೊಮೆಟೊ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ ಪಕ್ಕದಲ್ಲಿ ಕೆಂಪು ತಳಿಯಿದ್ದರೆ ದುಂಬಿಗಳಿಂದ ಬೆರಕೆಯಾಗುವುದುಂಟು. ಬೀಜಕ್ಕೆಂದು ಆರಿಸಿದ ಗೊಂಚಲಿಗೆ ಹೂವು ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ. ಮುಂದಿನ ಬೆಳೆಯಲ್ಲಿ ಯಾವುದಾದರೂ ಗಿಡ ಕೆಂಪು ಹಣ್ಣು ಬಿಟ್ಟರೆ ಅದು ಬೆರಕೆಯದು. ತಿನ್ನಲು ಅಡ್ಡಿಯಿಲ್ಲ, ಬೀಜಕ್ಕೆ ಮಾತ್ರ ಇಡಬೇಡಿ.